ಹಳೆಯ ಯಂತ್ರಕ್ಕೆ ಗೊತ್ತಿದ್ದದ್ದು

ಕಳೆದ ವರ್ಷ ದೀಪಾವಳಿ ಮುಗಿದು ನಾಲ್ಕು ದಿನವಾಗಿತ್ತು. ರಾತ್ರಿ ಹನ್ನೊಂದೂವರೆಗೆ ತಮ್ಮನ ಫೋನ್. ಆ ಹೊತ್ತಿನಲ್ಲಿ ಫೋನ್ ಬಂದರೆ ತಿಪಟೂರಿನಲ್ಲಿ ಅಮ್ಮನಿಗೇನೋ ಆಗಿದೆ ಅಂತಲೇ ನಾನು ಎತ್ತುವುದು. ಅವನಿಗೂ ಅದು ಗೊತ್ತು. "ಅಮ್ಮ ಚೆನ್ನಾಗಿದ್ದಾಳೆ," ಎಂದು ಶುರುಮಾಡಿ, ಒಂದು ಕ್ಷಣ ಬಿಟ್ಟು, "ಅಕ್ಕಾ, ನನ್ನ ಉತ್ತರ ಬದಲಾಗಿಬಿಟ್ಟಿದೆ," ಅಂದ.

ಅವನು ಏರೋಸ್ಪೇಸ್ ಇಂಜಿನಿಯರಿಂಗಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾನೆ. ಆಗ ಐದನೆಯ ವರ್ಷ. ವಿಮಾನದ ರೆಕ್ಕೆಯ ಸುತ್ತ ಗಾಳಿ ಹೇಗೆ ಹರಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವನ ಕೆಲಸ. ಅವನಿರುವ ಸಂಸ್ಥೆಯಲ್ಲಿ ಎಂಟು ವರ್ಷ ದುಡಿದ ಸೂಪರ್ ಕಂಪ್ಯೂಟರಿನ ಜಾಗಕ್ಕೆ ಹೊಸದನ್ನು ತಂದಿದ್ದರು. ಹಳೆಯದರಲ್ಲಿ ನಾಲ್ಕು ದಿನ ಹಿಡಿಯುತ್ತಿದ್ದ ಲೆಕ್ಕ ಹೊಸದರಲ್ಲಿ ಒಂದು ರಾತ್ರಿಗೆ ಮುಗಿದಿತ್ತು. ಆದರೆ ಉತ್ತರ ಬೇರೆ. ಅದೇ ರೆಕ್ಕೆ, ಅದೇ ಗಾಳಿ, ಅದೇ ಪ್ರೋಗ್ರಾಂ; ರೆಕ್ಕೆಯನ್ನು ಮೇಲೆತ್ತುವ ಬಲ ನೂರಕ್ಕೆ ಎರಡರಷ್ಟು ಕಡಿಮೆ ಬಂದಿದೆ, ಹಿಂದಕ್ಕೆಳೆಯುವ ಬಲವೂ ತಾಳೆಯಾಗುತ್ತಿಲ್ಲ. ಮೂರು ವರ್ಷದ ಫಲಿತಾಂಶಗಳೆಲ್ಲ ಹಳೆಯ ಯಂತ್ರದಿಂದ ಬಂದವು. ಎರಡು ಪ್ರಬಂಧಗಳು ಆಗಲೇ ಅಚ್ಚಾಗಿವೆ. ಹಳೆಯ ಯಂತ್ರವನ್ನು ತಿಂಗಳ ಕೊನೆಗೆ ಆರಿಸಿಬಿಡುತ್ತಾರೆ.

"ಎರಡರಲ್ಲಿ ಯಾವುದು ಸರಿ?" ಎಂದೆ.

"ಅದು ಗೊತ್ತಿದ್ದರೆ ನಿನಗೆ ಯಾಕೆ ಫೋನ್ ಮಾಡ್ತಿದ್ದೆ?"

ನನಗೆ ಯಾಕೆ ಮಾಡಿದ ಎಂಬುದೂ ಪ್ರಶ್ನೆಯೇ. ಭಾಷಾಶಾಸ್ತ್ರದ ಎಂ.ಎ. ಓದಲೆಂದು ಪುಣೆಗೆ ಬಂದವಳು ನಾನು, ಇಲ್ಲೇ ಉಳಿದೆ. ಇಂಗ್ಲಿಷ್ ಮತ್ತು ಮರಾಠಿಯಿಂದ ಕನ್ನಡಕ್ಕೆ ಅನುವಾದ ಮಾಡಿ ಬಾಡಿಗೆ ಕಟ್ಟುತ್ತೇನೆ. ಗಣಿತ ಪಿಯುಸಿಗೆ ಕೊನೆ. ಆದರೆ ಅವನ ಲ್ಯಾಬಿನಲ್ಲಿ ಪೆದ್ದು ಪ್ರಶ್ನೆ ಕೇಳುವವರು ಯಾರೂ ಇರಲಿಲ್ಲವಂತೆ. ಆ ಕೆಲಸಕ್ಕೆ ನಾನಿದ್ದೆ. ಮುಂದಿನ ಮೂರು ವಾರ, ಹೆಚ್ಚು ಕಡಿಮೆ ಪ್ರತಿ ರಾತ್ರಿ, ಅವನು ಹೇಳಿದ, ನಾನು ಕೇಳಿದೆ. ಅವನ ಕಷ್ಟ ನನ್ನ ಕಸುಬಿನದೇ ಕಷ್ಟ ಎಂದು ನನಗೆ ತಿಳಿಯುವುದಕ್ಕೆ ಅಷ್ಟು ದಿನ ಬೇಕಾಯಿತು.

*

ಮೊದಲ ಪೆದ್ದು ಪ್ರಶ್ನೆ: ಇದ್ದ ಯಂತ್ರ ಕೆಲಸ ಮಾಡುತ್ತಿತ್ತಲ್ಲ, ಹೊಸದು ಯಾಕೆ?

ಅವನು ಹೇಳಿದ್ದು ಹೀಗೆ. ಗಾಳಿಯ ಹರಿವಿಗೆ ಸಮೀಕರಣಗಳಿವೆ. ನೇವಿಯರ್ ಮತ್ತು ಸ್ಟೋಕ್ಸ್ ಎಂಬಿಬ್ಬರ ಹೆಸರಿನವು, ಹತ್ತೊಂಬತ್ತನೆಯ ಶತಮಾನದಿಂದ ಇವೆ. ಇಡೀ ರೆಕ್ಕೆಗೆ ಅವನ್ನು ಕಾಗದದ ಮೇಲೆ ಬಿಡಿಸಲಾಗುವುದಿಲ್ಲ. ಅದಕ್ಕೆ ರೆಕ್ಕೆಯ ಸುತ್ತಲಿನ ಜಾಗವನ್ನು ಸಣ್ಣ ಸಣ್ಣ ಗೂಡುಗಳಾಗಿ ಕತ್ತರಿಸುತ್ತಾರೆ. ಪ್ರತಿ ಗೂಡಿನಲ್ಲೂ ಒತ್ತಡ, ವೇಗ, ಸಾಂದ್ರತೆ ಎಷ್ಟು ಎಂದು ಲೆಕ್ಕ ಹಾಕಿ, ಪಕ್ಕದ ಗೂಡುಗಳಿಗೆ ತಿಳಿಸಿ, ಮತ್ತೆ ಲೆಕ್ಕ ಹಾಕುತ್ತಾರೆ. ಹೀಗೆ ಸಾವಿರಾರು ಸುತ್ತು. ಗೂಡು ಚಿಕ್ಕದಾದಷ್ಟೂ ಚಿತ್ರ ಸ್ಪಷ್ಟ. ಆದರೆ ಗೂಡಿನ ಅಳತೆಯನ್ನು ಅರ್ಧ ಮಾಡಿದರೆ ಉದ್ದ, ಅಗಲ, ಎತ್ತರ ಮೂರರಲ್ಲೂ ಎರಡೆರಡು ಪಟ್ಟಾಗಿ ಗೂಡುಗಳು 8 ಪಟ್ಟಾಗುತ್ತವೆ. ಕಾಲದ ಹೆಜ್ಜೆಯನ್ನೂ ಅರ್ಧ ಮಾಡಬೇಕಾಗಿ ಬಂದರೆ ಕೆಲಸ 16 ಪಟ್ಟು. ಚಿತ್ರ ಎರಡು ಪಟ್ಟು ಚೊಕ್ಕವಾಗಲು ಯಂತ್ರ 16 ಪಟ್ಟು ಬೇಕು. ಈ ಹಸಿವಿಗೆ ಕೊನೆಯಿಲ್ಲ.

ಇದಕ್ಕೆಲ್ಲ ಬದಲು ಗಾಳಿ ಸುರಂಗದಲ್ಲಿ ಮಾದರಿಯನ್ನಿಟ್ಟು ಅಳೆಯಬಹುದು. ಬೆಂಗಳೂರಿನ ಎನ್‌ಎಎಲ್‌ನಲ್ಲಿ 1.2 ಮೀಟರಿನ ಸುರಂಗವೊಂದಿದೆ, 1967ರಿಂದ ನಡೆಯುತ್ತಿದೆ. ಅಲ್ಲಿ ಗಾಳಿಯನ್ನು ದೊಡ್ಡ ಟ್ಯಾಂಕುಗಳಲ್ಲಿ ಅದುಮಿಟ್ಟು, ಒಮ್ಮೆಲೇ ಬಿಟ್ಟು, ಅದು ನುಗ್ಗುವ ಕೆಲವೇ ಸೆಕೆಂಡುಗಳಲ್ಲಿ ಅಳತೆ ಮುಗಿಸಬೇಕು. ಆಮೇಲೆ ಮತ್ತೆ ಗಾಳಿ ತುಂಬುವವರೆಗೆ ಕಾಯಬೇಕು. ಖರ್ಚೂ ಹೆಚ್ಚು, ಸರದಿಯೂ ಉದ್ದ. ಹಾಗಾಗಿ ಸುರಂಗ ಮತ್ತು ಕಂಪ್ಯೂಟರ್ ಎರಡೂ ಬೇಕು. ಜಪಾನಿನ ರಾಷ್ಟ್ರೀಯ ಏರೋಸ್ಪೇಸ್ ಪ್ರಯೋಗಾಲಯ 1993ರಲ್ಲಿ ಫುಜಿತ್ಸು ಕಂಪನಿಯಿಂದ ಮಾಡಿಸಿಕೊಂಡ ಸೂಪರ್ ಕಂಪ್ಯೂಟರಿಗೆ 'ಸಂಖ್ಯೆಗಳ ಗಾಳಿ ಸುರಂಗ' ಎಂಬರ್ಥದ ಹೆಸರನ್ನೇ ಇಟ್ಟಿತ್ತು. ಆ ವರ್ಷ ನವೆಂಬರಿನ ಪಟ್ಟಿಯಲ್ಲಿ ಅದು ಜಗತ್ತಿನ ಅತಿ ವೇಗದ ಕಂಪ್ಯೂಟರ್.

ಈ ಬದಲಾವಣೆಗೆ ನಮ್ಮ ಪತ್ರಿಕೆಗಳಲ್ಲಿ ಒಂದು ಪದವಿದೆ: ಮೇಲ್ದರ್ಜೆಗೇರಿಸುವುದು. ತಾಲ್ಲೂಕು ಆಸ್ಪತ್ರೆ ಮೇಲ್ದರ್ಜೆಗೆ, ರಾಜ್ಯ ಹೆದ್ದಾರಿ ಮೇಲ್ದರ್ಜೆಗೆ. ನಾನೂ ಎಷ್ಟೋ ಕಡೆ ಬಳಸಿದ್ದೇನೆ. ಇದ್ದದ್ದೇ ಒಂದು ಮೆಟ್ಟಿಲು ಹತ್ತಿತು ಎಂಬ ಅರ್ಥ ಅದರಲ್ಲಿದೆ. ಸೂಪರ್ ಕಂಪ್ಯೂಟರಿನ ವಿಷಯದಲ್ಲಿ ಹಾಗಾಗುವುದಿಲ್ಲ. ಯಂತ್ರ ಯಾವ ಮೆಟ್ಟಿಲನ್ನೂ ಹತ್ತುವುದಿಲ್ಲ. ಹಳೆಯದು ಗುಜರಿಗೆ ಹೋಗುತ್ತದೆ, ಪಕ್ಕದ ಕೋಣೆಯಲ್ಲಿ ಹೊಸದೊಂದು ಬಂದು ಕೂರುತ್ತದೆ. ಹಳೆಯದರಿಂದ ಹೊಸದಕ್ಕೆ ಹೋಗಬೇಕಾದ್ದು ಪ್ರೋಗ್ರಾಂ. ಅದು ತಾನಾಗಿ ಹೋಗುವುದಿಲ್ಲ, ಯಾರಾದರೂ ಹೊತ್ತುಕೊಂಡು ಹೋಗಬೇಕು. ಮನೆ ಬದಲಿಸಿದ ಹಾಗೆ.

ನಾಸಾದ ಉದಾಹರಣೆ ನೋಡಿ. ಕಲ್ಪನಾ ಚಾವ್ಲಾ ಗಗನಯಾತ್ರಿ ಆಗುವ ಮೊದಲು, 1988ರಿಂದ, ಕ್ಯಾಲಿಫೋರ್ನಿಯಾದ ಏಮ್ಸ್ ಕೇಂದ್ರದಲ್ಲಿ ಇದೇ ಕೆಲಸ ಮಾಡುತ್ತಿದ್ದರು, ವಿಮಾನದ ಸುತ್ತಲಿನ ಗಾಳಿಯ ಲೆಕ್ಕ. 2003ರ ಫೆಬ್ರವರಿ 1ರಂದು ಕೊಲಂಬಿಯಾ ನೌಕೆಯೊಂದಿಗೆ ಅವರು ಹೋದ ಮೇಲೆ, ಏಮ್ಸ್‌ಗೆ ಬಂದ 512 ಪ್ರೊಸೆಸರುಗಳ ಹೊಸ ಕಂಪ್ಯೂಟರಿಗೆ 'ಕಲ್ಪನಾ' ಎಂದೇ ಹೆಸರಿಟ್ಟರು. 2004ರಲ್ಲಿ ಅಂಥ 20 ಸೇರಿ 10,240 ಪ್ರೊಸೆಸರುಗಳ 'ಕೊಲಂಬಿಯಾ' ಆಯಿತು. 2008ರಲ್ಲಿ 'ಪ್ಲೈಯಡೀಸ್' ಬಂತು, 2013ರಲ್ಲಿ ಕೊಲಂಬಿಯಾ ನಿವೃತ್ತವಾಯಿತು. ಅಷ್ಟು ಜನರ ನೆನಪಿಗೆಂದು ಹೆಸರಿಟ್ಟ ಯಂತ್ರದ ಆಯಸ್ಸು ಒಂಬತ್ತು ವರ್ಷ. ಆದರೆ ಅದರ ಮೇಲೆ ಓಡುತ್ತಿದ್ದ 'ಓವರ್‌ಫ್ಲೋ' ಎಂಬ ಫೋರ್ಟ್ರಾನ್ ಪ್ರೋಗ್ರಾಂ ಅದಕ್ಕಿಂತ ಹಳೆಯದು, ಯಂತ್ರದಿಂದ ಯಂತ್ರಕ್ಕೆ ದಾಟುತ್ತಾ ಉಳಿದುಕೊಂಡಿದೆ. ಈ ಲೋಕದಲ್ಲಿ ದೇಹ ಬೇಗ ಸಾಯುತ್ತದೆ, ಮಾತು ಉಳಿಯುತ್ತದೆ.

*

ಹೀಗೆ ಹೊತ್ತುಕೊಂಡು ಹೋಗುವ ಕೆಲಸ ನಮ್ಮಲ್ಲಿ ಶುರುವಾದದ್ದು ಬೆಂಗಳೂರಿನಲ್ಲಿ. 1980ರ ದಶಕದಲ್ಲಿ ಭಾರತ ಅಮೆರಿಕದಿಂದ ಕ್ರೇ ಸೂಪರ್ ಕಂಪ್ಯೂಟರ್ ಕೊಳ್ಳಲು ಹೊರಟಿತ್ತು. ಕ್ಷಿಪಣಿಗೂ ಅಣುಬಾಂಬಿಗೂ ಬಳಸಿಯಾರು ಎಂಬ ಅನುಮಾನದಿಂದ ಅಮೆರಿಕ ಕೇಳಿದ್ದನ್ನು ಕೊಡಲಿಲ್ಲ. ಕೊನೆಗೆ ಕಡಿಮೆ ಶಕ್ತಿಯ ಒಂದು ಮಾದರಿ, ಹವಾಮಾನದ ಕೆಲಸಕ್ಕೆ ಮಾತ್ರ ಎಂಬ ಷರತ್ತಿನೊಂದಿಗೆ, ದಿಲ್ಲಿಗೆ ಬಂತು. ವಿಮಾನದ ಲೆಕ್ಕ ಹಾಕುವವರಿಗೆ ಅದರಿಂದ ಪ್ರಯೋಜನವಿರಲಿಲ್ಲ.

ಆಗ ಎನ್‌ಎಎಲ್‌ನ ನಿರ್ದೇಶಕರಾಗಿದ್ದವರು ರೊದ್ದಂ ನರಸಿಂಹ. ಅವರ ಕಾಲದಲ್ಲಿ ಯು.ಎನ್. ಸಿನ್ಹಾ ಮತ್ತು ಸಂಗಡಿಗರು 1986ರಲ್ಲಿ 'ಫ್ಲೋಸಾಲ್ವರ್' ಕಟ್ಟಿದರು. ಪೇಟೆಯಲ್ಲಿ ಸಿಗುವ ನಾಲ್ಕು ಇಂಟೆಲ್ ಪ್ರೊಸೆಸರುಗಳನ್ನು ಜೋಡಿಸಿ, ಒಂದು ಲೆಕ್ಕವನ್ನು ನಾಲ್ಕಕ್ಕೂ ಹಂಚಿ ಮಾಡಿಸುವ ಯಂತ್ರ. ದೇಶದ ಮೊದಲ ಸಮಾಂತರ ಕಂಪ್ಯೂಟರ್ ಅದು. ಹೆಸರೇ ಹೇಳುವ ಹಾಗೆ, ಹರಿವಿನ ಲೆಕ್ಕಕ್ಕಾಗಿ ಹುಟ್ಟಿದ್ದು. ಮುಂದಿನ ವರ್ಷಗಳಲ್ಲಿ ಅದರ ಹೊಸ ಹೊಸ 'ಮಾರ್ಕ್'ಗಳು ಬಂದವು, ಪ್ರೊಸೆಸರ್ ಐ860 ಆಯಿತು, ಪೆಂಟಿಯಂ ಆಯಿತು. ದಿಲ್ಲಿಯ ಕ್ರೇಗಾಗಿ ಬರೆದಿದ್ದ ಹವಾಮಾನದ ಪ್ರೋಗ್ರಾಮನ್ನೂ 1990ರ ದಶಕದಲ್ಲಿ ಅವರು ಫ್ಲೋಸಾಲ್ವರ್ ಮೇಲೆ ಓಡಿಸಿ ತೋರಿಸಿದರು.

ಈ ಪತ್ರ ಓದುತ್ತಿರುವ ನಿಮ್ಮಲ್ಲಿ ಕೆಲವರು ಇದರ ಮುಂದಿನ ಅಧ್ಯಾಯಗಳ ಅಕ್ಕಪಕ್ಕದಲ್ಲೇ ವಾಸಿಸುತ್ತಿರಬಹುದು. ಪುಣೆಯಲ್ಲಿ 1988ರಲ್ಲಿ ಸಿ-ಡ್ಯಾಕ್ ಶುರುವಾಗಿ, ವಿಜಯ ಭಟ್ಕರ್ ಅವರ ಮುಂದಾಳತ್ವದಲ್ಲಿ 1991ಕ್ಕೆ 'ಪರಮ್ 8000' ಹೊರಬಂತು. ಹೈದರಾಬಾದಿನಲ್ಲಿ ಡಿಆರ್‌ಡಿಓದ ಅನುರಾಗ್ ಸಂಸ್ಥೆ ವಾಯುಬಲದ ಲೆಕ್ಕಕ್ಕೆಂದೇ 'ಪೇಸ್' ಮಾಡಿತು. ಮುಂಬೈಯ ಬಿಎಆರ್‌ಸಿಯಲ್ಲಿ 'ಅನುಪಮ್'. 2011ರಲ್ಲಿ ತಿರುವನಂತಪುರದಲ್ಲಿ ಇಸ್ರೋದ 'ಸಾಗಾ-220' ಬಂತು, ರಾಕೆಟ್ಟಿನ ಸುತ್ತಲಿನ ಗಾಳಿಯ ಲೆಕ್ಕಕ್ಕೆ. ಸೆಕೆಂಡಿಗೆ 220 ಲಕ್ಷ ಕೋಟಿ ಲೆಕ್ಕ ಮಾಡಬಲ್ಲ ಆ ಯಂತ್ರದ ಜೀವಾಳ ವಿಡಿಯೋ ಗೇಮ್‌ಗಳಿಗಾಗಿ ಬೆಳೆದುಬಂದ ಜಿಪಿಯು ಚಿಪ್ಪುಗಳು. 2022ರಲ್ಲಿ ಬೆಂಗಳೂರಿನ ಐಐಎಸ್‌ಸಿಗೆ ಬಂದ 'ಪರಮ್ ಪ್ರವೇಗ'ದ ಶಕ್ತಿ 3.3 ಪೆಟಾಫ್ಲಾಪ್, ಅಂದರೆ ಸಾಗಾದ ಹದಿನೈದು ಪಟ್ಟು.

ಪ್ರತಿ ಸಲವೂ ಪತ್ರಿಕೆಯಲ್ಲಿ ಬಂದದ್ದು ಪೆಟಾಫ್ಲಾಪಿನ ಸಂಖ್ಯೆ. ಪ್ರತಿ ಸಲವೂ ಯಾರೋ ಒಬ್ಬರು, ಬಹುಶಃ ನನ್ನ ತಮ್ಮನಂಥ ಒಬ್ಬ ವಿದ್ಯಾರ್ಥಿ, ಹಳೆಯ ಪ್ರೋಗ್ರಾಮನ್ನು ಹೊಸ ಯಂತ್ರಕ್ಕೆ ಹೊತ್ತು ತಂದು, ಉತ್ತರ ತಾಳೆಯಾಗದೆ ರಾತ್ರಿ ಹನ್ನೊಂದೂವರೆಗೆ ಎದ್ದು ಕೂತಿರಬೇಕು.

*

ಎರಡನೆಯ ವಾರ ನಾನು ಇನ್ನೊಂದು ಪ್ರಶ್ನೆ ಕೇಳಿದೆ. "ಅದೇ ಪ್ರೋಗ್ರಾಂ ಅಂದೆಯಲ್ಲ. ಅದೇ ಅಂದರೆ ಅದೇನಾ?"

ಅದೇ ಆಗಿರಲಿಲ್ಲ. ಮೂಲ ಪ್ರೋಗ್ರಾಂ ಅವನ ಗೈಡಿನ ಗೈಡಿನ ಕಾಲದ್ದು, ಫೋರ್ಟ್ರಾನ್‌ನಲ್ಲಿದೆ. ಅದರಲ್ಲಿ ತುಂಬಾ ಹಳೆಯ ಭಾಗಗಳನ್ನು ಬರೆದವನು, ಅಥವಾ ಬರೆದವಳು, ಕನ್ನಡದ ವಿದ್ಯಾರ್ಥಿ. ಹೆಸರು ಎಲ್ಲೂ ಇಲ್ಲ. ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ ಗಾಳಿ, ವೇಗ, ರೆಕ್ಕೆ, ಕೋನ ಎಂದು ಚರಗಳಿಗೆ ಹೆಸರಿಟ್ಟಿದೆ ಆ ಕೈ. ಹಳೆಯ ಫೋರ್ಟ್ರಾನ್‌ನಲ್ಲಿ ಹೆಸರು ಆರು ಅಕ್ಷರ ಮೀರಬಾರದಿತ್ತು. 'ಒತ್ತಡ' ಸರಿಯಾಗಿ ಆರಕ್ಕೆ ಕೂರುತ್ತದೆ. ಒಂದು ಉಪಪ್ರೋಗ್ರಾಮಿನ ನೆತ್ತಿಯ ಮೇಲೆ, ಅದೇ ಇಂಗ್ಲಿಷ್ ಅಕ್ಷರಗಳಲ್ಲಿ, "ಇದನ್ನು ಮುಟ್ಟಬೇಡಿ" ಎಂದಿದೆ. ಯಾಕೆ ಎಂದಿಲ್ಲ. ತಮ್ಮ ಅದನ್ನು ಓದಿ ಹೇಳಿದಾಗ ಇಬ್ಬರೂ ನಕ್ಕೆವು.

ಹೊಸ ಯಂತ್ರದ ಶಕ್ತಿಯೆಲ್ಲ ಜಿಪಿಯುಗಳಲ್ಲಿದೆ. ಅದಕ್ಕಾಗಿ ತಮ್ಮ ಲೆಕ್ಕದ ಭಾರದ ಭಾಗಗಳನ್ನು ಕತ್ತರಿಸಿ, ಹೊಸ ಫೈಲುಗಳಲ್ಲಿ ಬೇರೆ ಥರ ಬರೆದಿದ್ದ. ಬರೆದಾದ ಮೇಲೆ ಈ ಕ್ಷೇತ್ರದವರೆಲ್ಲ ಮಾಡುವ ಒಂದು ಪರೀಕ್ಷೆ ಮಾಡಿದ. ಹೊಸ ಮನೆಯಲ್ಲಿ ಮೊದಲು ಹಾಲು ಉಕ್ಕಿಸುತ್ತೇವಲ್ಲ, ಹಾಗೆ. ಫ್ರಾನ್ಸಿನ ಒನೆರಾ ಸಂಸ್ಥೆ 1970ರ ದಶಕದಲ್ಲಿ ಗಾಳಿ ಸುರಂಗದಲ್ಲಿಟ್ಟು ಅಳೆದ 'ಎಂ6' ಎಂಬ ರೆಕ್ಕೆಯಿದೆ. ಶಬ್ದದ ವೇಗದ ಸುಮಾರು 0.84ರಷ್ಟು ವೇಗದ ಗಾಳಿ, ಗಾಳಿಗೆ ರೆಕ್ಕೆ ಒಡ್ಡಿದ ಕೋನ 3.06 ಡಿಗ್ರಿ. ಆ ಅಳತೆಗಳು ಪ್ರಕಟವಾಗಿವೆ, ಜಗತ್ತಿನ ಎಲ್ಲ ಪ್ರೋಗ್ರಾಂಗಳೂ ಅದರ ಮುಂದೆ ಪರೀಕ್ಷೆಗೆ ಕೂರುತ್ತವೆ. ತಮ್ಮನ ಪ್ರೋಗ್ರಾಂ ಮೇಲೆತ್ತುವ ಬಲವನ್ನು ಕಡಿಮೆ ತೋರಿಸಿದ್ದು ಈ ರೆಕ್ಕೆಗೇ.

ಆ ತಪ್ಪು ಸಿಕ್ಕಿದ ರೀತಿ ನನಗೆ ಬಹಳ ಇಷ್ಟ. ಮರಾಠಿಯಲ್ಲಿ ಖುರ್ಚಿ ಹೆಣ್ಣು, ಫ್ಯಾನು ಗಂಡು, ಟೇಬಲ್ ನಪುಂಸಕ; ಯಾಕೆ ಎಂದು ಕೇಳುವಂತಿಲ್ಲ. ಫೋರ್ಟ್ರಾನ್‌ನಲ್ಲೂ ಇಂಥದ್ದೊಂದು ಲಿಂಗವ್ಯವಸ್ಥೆಯಿದೆ. ಬೇರೇನೂ ಹೇಳದಿದ್ದರೆ, ಇಂಗ್ಲಿಷಿನ ಐ, ಜೆ, ಕೆ, ಎಲ್, ಎಂ, ಎನ್ ಅಕ್ಷರಗಳಿಂದ ಶುರುವಾಗುವ ಹೆಸರುಗಳು ಪೂರ್ಣಾಂಕಗಳು, ಉಳಿದವು ದಶಮಾಂಶದವು. ಗಾಳಿ, ವೇಗ, ಒತ್ತಡ, ರೆಕ್ಕೆ, ಎಲ್ಲವೂ ದಶಮಾಂಶದ ಗುಂಪಿಗೆ ಸೇರುತ್ತವೆ. 'ಕೋನ' ಮಾತ್ರ ಕೆ ಅಕ್ಷರದ್ದು. ಹಳೆಯ ವಿದ್ಯಾರ್ಥಿಗೆ ಇದು ಗೊತ್ತಿತ್ತು. ಮೂಲ ಫೈಲಿನ ತಲೆಯಲ್ಲಿ 'ಕೋನ ದಶಮಾಂಶದ್ದು' ಎಂದು ಒಂದು ಸಾಲಿದೆ. ತಮ್ಮ ಕೆಳಗಿನ ಭಾಗವನ್ನು ಕತ್ತರಿಸಿ ಹೊಸ ಫೈಲಿಗೆ ಒಯ್ದಾಗ ಆ ಸಾಲು ಹಿಂದೆಯೇ ಉಳಿದಿತ್ತು. ಹೊಸ ಫೈಲಿನಲ್ಲಿ ಕೋನ ಪೂರ್ಣಾಂಕವಾಗಿ, 3.06 ಹೋಗಿ 3 ಆಗಿತ್ತು. ನೂರಕ್ಕೆ ಎರಡು ಕಡಿಮೆ. ಬಲವೂ ಅಷ್ಟೇ ಕಡಿಮೆ.

"ಇದು ನನ್ನ ತಪ್ಪು," ಅಂದ. ದನಿಯಲ್ಲಿ ನಿರಾಳವಿತ್ತು. ತನ್ನ ತಪ್ಪು ಸಿಕ್ಕಿದಾಗ ಆಗುವ ನಿರಾಳ ಅನುವಾದಕರಿಗೆ ಚೆನ್ನಾಗಿ ಗೊತ್ತು. ಮೂಲ ಸರಿಯಿದೆ, ನಾನು ಎಡವಿದೆ, ತಿದ್ದಿದರಾಯಿತು.

*

ಆದರೆ ತಿದ್ದಿದ ಮೇಲೂ ಹಿಂದಕ್ಕೆಳೆಯುವ ಬಲ ತಾಳೆಯಾಗಲಿಲ್ಲ. ಮೂರನೆಯ ಅಂಕಿಯಲ್ಲಿ ವ್ಯತ್ಯಾಸ. ಲ್ಯಾಬಿನ ಹಿರಿಯನೊಬ್ಬ, "ಅದು ಬರೀ ರೌಂಡ್ ಮಾಡುವುದರ ವ್ಯತ್ಯಾಸ, ಬಿಡು. ಗ್ರಾಫಿನಲ್ಲಿ ಎರಡು ಗೆರೆ ಒಂದರ ಮೇಲೊಂದು ಕೂರುತ್ತವೆ, ಯಾರು ನೋಡ್ತಾರೆ," ಅಂದನಂತೆ.

ಆ ಮಾತು ಪೂರ್ತಿ ಸುಳ್ಳಲ್ಲ. ಕಂಪ್ಯೂಟರ್ ಪ್ರತಿ ಸಂಖ್ಯೆಯ ಇಷ್ಟೇ ಅಂಕಿಗಳನ್ನು ಇಟ್ಟುಕೊಳ್ಳುತ್ತದೆ, ಮಿಕ್ಕದ್ದನ್ನು ರೌಂಡ್ ಮಾಡುತ್ತದೆ. ನಾಲ್ಕೇ ಅಂಕಿ ನೆನಪಿಡುವ ಒಬ್ಬ ಅಂಗಡಿಯವನಿದ್ದಾನೆ ಅಂದುಕೊಳ್ಳಿ. 1000ಕ್ಕೆ 0.4 ಕೂಡಿಸಿದರೆ ಅವನಿಗೆ 1000ವೇ. ಮತ್ತೆ 0.4, ಮತ್ತೆ 0.4, ಆದರೂ 1000. ಅದೇ ಮೂರು 0.4ಗಳನ್ನು ಮೊದಲು ಕೂಡಿಸಿ 1.2 ಮಾಡಿ, ಆಮೇಲೆ 1000ಕ್ಕೆ ಸೇರಿಸಿದರೆ 1001. ಕೂಡುವ ಕ್ರಮ ಬದಲಾದರೆ ಮೊತ್ತ ಬದಲಾಗುತ್ತದೆ. ಸಾವಿರಾರು ಪ್ರೊಸೆಸರುಗಳಿಗೆ ಲೆಕ್ಕ ಹಂಚಿದಾಗ ಯಾರದ್ದು ಮೊದಲು ಬರುತ್ತದೋ ಅವರದ್ದು ಮೊದಲು ಸೇರಬಹುದು, ಕ್ರಮ ಬದಲಾಗಬಹುದು. ಆದ್ದರಿಂದ ಹೊಸ ಯಂತ್ರದ ಉತ್ತರ ಹಳೆಯದರ ಜೊತೆ ಕೊನೆಯ ಅಂಕಿಯವರೆಗೂ ಕೂಡಿಬರಬೇಕು ಎಂದು ಯಾರೂ ಹಟ ಹಿಡಿಯುವುದಿಲ್ಲ. ಹಿಡಿಯಬಾರದು ಕೂಡ. ಒಳ್ಳೆಯ ಇಬ್ಬರು ಅನುವಾದಕರು ಒಂದೇ ವಾಕ್ಯವನ್ನು ಎರಡು ಥರ ಬರೆದರೆ ಇಬ್ಬರೂ ಸರಿಯಿರಬಹುದು.

ಕಷ್ಟವಿರುವುದು ಇಲ್ಲೇ. ಇಂಥ ಮುಗ್ಧ ವ್ಯತ್ಯಾಸಗಳಿರುತ್ತವೆ ಎಂದು ಎಲ್ಲರಿಗೂ ಗೊತ್ತಿರುವುದರಿಂದ, ಮುಗ್ಧವಲ್ಲದ್ದು ಅವುಗಳ ನಡುವೆ ಅಡಗಿ ಕೂರಬಹುದು.

ನಮ್ಮಲ್ಲಿ ಹೊಸ ಅನುವಾದಕರನ್ನು ಪರೀಕ್ಷಿಸುವಾಗ ಒಂದೇ ವಾಕ್ಯವನ್ನು ಎರಡು ಪುಟಗಳಲ್ಲಿ ಸೇರಿಸಿ ಕೊಡುವುದುಂಟು. ನಾನು ಕೇಳಿದೆ: "ಹಳೆಯದನ್ನು ಬಿಡು. ಹೊಸ ಯಂತ್ರದಲ್ಲೇ ಅದನ್ನೇ ಎರಡು ಸಲ ಓಡಿಸಿದರೆ ಒಂದೇ ಉತ್ತರ ಬರುತ್ತಾ?" ಅವನು ಮೂರು ಸಲ ಓಡಿಸಿದ. ಮೂರು ಉತ್ತರ, ವ್ಯತ್ಯಾಸ ಮೂರನೆಯ ಅಂಕಿಯಲ್ಲಿ. ಕೂಡುವ ಕ್ರಮದಿಂದ ಆಗುವ ವ್ಯತ್ಯಾಸ ಈ ಲೆಕ್ಕದಲ್ಲಿ ಬಲಗಡೆಯ ಕೊನೆಯಲ್ಲೆಲ್ಲೋ ಇರಬೇಕು, ಮೂರನೆಯ ಅಂಕಿಯವರೆಗೆ ಬರಬಾರದು.

ಮತ್ತೆ ನಾಲ್ಕು ರಾತ್ರಿ ಬೇಕಾಯಿತು. ತಪ್ಪು ಇದ್ದದ್ದು "ಇದನ್ನು ಮುಟ್ಟಬೇಡಿ" ಎಂದು ಬರೆದಿದ್ದ ಉಪಪ್ರೋಗ್ರಾಮಿನಲ್ಲಿ. ತಮ್ಮ ಅದನ್ನು ಮುಟ್ಟಿರಲಿಲ್ಲ.

ಆ ತುಂಡು ಪ್ರೋಗ್ರಾಂ ಮೊದಲ ಸಲ ಕರೆದಾಗ ಒಂದು ಸಂಖ್ಯೆಯನ್ನು ಲೆಕ್ಕ ಹಾಕಿ ಇಟ್ಟುಕೊಳ್ಳುತ್ತದೆ. ರೆಕ್ಕೆಯ ಮೇಲೆ ಆಘಾತ ತರಂಗ ಏಳುವ ಜಾಗದಲ್ಲಿ ಲೆಕ್ಕ ಎಗರಾಡದಂತೆ ಹಿಡಿದಿಡುವ ಸಂಖ್ಯೆ ಅದು. ಎರಡನೆಯ ಸಲದಿಂದ ಲೆಕ್ಕ ಹಾಕದೆ ಅದನ್ನೇ ಬಳಸುತ್ತದೆ. ಅಂದರೆ ಒಂದು ಕರೆಯಿಂದ ಇನ್ನೊಂದು ಕರೆಯವರೆಗೆ ಅದು ನೆನಪಿರಬೇಕು. ಹಾಗೆ ನೆನಪಿಡು ಎಂದು ಹೇಳುವುದಕ್ಕೆ ಫೋರ್ಟ್ರಾನ್‌ನಲ್ಲಿ 'ಸೇವ್' ಎಂಬ ಒಂದು ಪದವಿದೆ. ಆ ಪದ ಬರೆದಿರಲಿಲ್ಲ. ಭಾಷೆಯ ನಿಯಮದ ಪ್ರಕಾರ ಬರೆಯಬೇಕಿತ್ತು. ಆದರೆ ಆ ಕಾಲದ ಅನೇಕ ಕಂಪೈಲರುಗಳು, ಅಂದರೆ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶಗಳು, ಹೇಳದಿದ್ದರೂ ನೆನಪಿಟ್ಟುಕೊಳ್ಳುತ್ತಿದ್ದವು. ಬರೆದವರಿಗೆ ಬರೆಯುವ ಅಗತ್ಯವೇ ಕಾಣಲಿಲ್ಲ. ಮುಂದೆ ಬಂದ ಯಂತ್ರದಲ್ಲಿ ಹಳೆಯ ಪ್ರೋಗ್ರಾಂಗಳ ಅನುಕೂಲಕ್ಕೆಂದು ಆ ಹಳೆಯ ಅಭ್ಯಾಸವನ್ನು ಉಳಿಸುವ ಒಂದು ಆಯ್ಕೆಯನ್ನು ಯಾರೋ ಹಾಕಿಟ್ಟಿದ್ದರು. ಹಾಕಿದವರು ನಿವೃತ್ತರಾಗಿ ಹೋಗಿದ್ದರು. ಹೊಸ ಯಂತ್ರಕ್ಕೆ ಇದನ್ನು ಯಾರೂ ಹೇಳಲಿಲ್ಲ. ಅದು ನಿಯಮ ಹೇಳುವಂತೆ ಆ ಜಾಗವನ್ನು ಖಾಲಿಯೆಂದು ಭಾವಿಸಿ ಬೇರೆಯದಕ್ಕೆ ಕೊಟ್ಟಿತು. ಎರಡನೆಯ ಕರೆಯಲ್ಲಿ ಅಲ್ಲಿ ಸಿಕ್ಕಿದ್ದು ಯಾವುದೋ ಉಳಿಕೆ ಸಂಖ್ಯೆ, ಪ್ರತಿ ಸಲವೂ ಬೇರೆ.

ಹಳೆಯ ಮನೆಯಲ್ಲಿ ಕತ್ತಲಲ್ಲೂ ಕೈ ತಾನಾಗಿ ಸ್ವಿಚ್ಚಿಗೆ ಹೋಗುತ್ತದೆ. ಸ್ವಿಚ್ಚೆಲ್ಲಿದೆ ಎಂದು ಯಾರೂ ಬರೆದಿಡುವುದಿಲ್ಲ. ಮನೆ ಬಿಟ್ಟ ಮೇಲೆ ಕೈ ಗೋಡೆ ತಡವುತ್ತದೆ.

*

ಇಲ್ಲಿ ನನ್ನದೊಂದು ವಿಷಯ ಹೇಳಬೇಕು. ಅದೇ ತಿಂಗಳು ನನಗೆ ಕೆಲಸ ಕೊಡುವ ಒಂದು ಏಜೆನ್ಸಿಯಿಂದ ಮೇಲ್ ಬಂದಿತ್ತು. ಅನುವಾದದ ಯಂತ್ರವನ್ನು ಮೇಲ್ದರ್ಜೆಗೇರಿಸಲಾಗಿದೆ, ಇನ್ನು ಮುಂದೆ ನೀವು ಅನುವಾದ ಮಾಡಬೇಕಿಲ್ಲ, ಯಂತ್ರ ಮಾಡಿದ್ದನ್ನು ನೋಡಿಕೊಟ್ಟರೆ ಸಾಕು, ದರ ಮೂರನೇ ಒಂದು ಭಾಗ. ಆ ಯಂತ್ರ ಓಡುವುದೂ ಜಿಪಿಯುಗಳ ಮೇಲೆಯೇ. ರೆಕ್ಕೆಯ ಗಾಳಿಯನ್ನು ಲೆಕ್ಕ ಹಾಕುವ ಜಾತಿಯ ಚಿಪ್ಪುಗಳೇ ನನ್ನ ವಾಕ್ಯಗಳನ್ನೂ ಲೆಕ್ಕ ಹಾಕುತ್ತವೆ.

ಒಪ್ಪಿಕೊಂಡೆ. ಆ ದರದಲ್ಲಿ ಬಾಡಿಗೆ ಹುಟ್ಟಬೇಕಾದರೆ ಎಷ್ಟು ಬೇಗ ಓದಬೇಕೋ ಅಷ್ಟು ಬೇಗ ಓದಿದೆ. ಮೂಲ ನೋಡುವುದನ್ನು ಬಿಟ್ಟೆ, ಕನ್ನಡ ಓಡುತ್ತಿದೆಯೇ ಎಂದಷ್ಟೇ ನೋಡಿದೆ. ಕನ್ನಡ ಚೆನ್ನಾಗಿಯೇ ಓಡುತ್ತಿತ್ತು.

ತಮ್ಮ 'ಸೇವ್' ಕತೆ ಹೇಳಿದ ರಾತ್ರಿ ನಿದ್ದೆ ಬರಲಿಲ್ಲ. ಹಿಂದಿನ ವಾರ ಕಳಿಸಿದ್ದ ಒಂದು ಕಡತ ನೆನಪಾಯಿತು. ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಗಳಿಗೆ ಕೊಡುವ ಸೂಚನೆಗಳು. ಎದ್ದು ತೆಗೆದು ನೋಡಿದೆ. ಇಂಗ್ಲಿಷಿನಲ್ಲಿ, ಮಧ್ಯರಾತ್ರಿಯ ನಂತರ ಬಾಯಿಂದ ಏನೂ ಹೋಗಕೂಡದು ಎಂಬ ಅರ್ಥದ ನಾಲ್ಕೇ ಪದ. ಯಂತ್ರದ ಕನ್ನಡ: "ಮಧ್ಯರಾತ್ರಿಯ ನಂತರ ಏನನ್ನೂ ತಿನ್ನಬೇಡಿ." ವ್ಯಾಕರಣ ಸರಿ. ಸರಾಗವಾಗಿದೆ. ನಾನು ಸರಿ ಎಂದು ಗುರುತು ಹಾಕಿ ಕಳಿಸಿದ್ದೆ.

ಆದರೆ ಕನ್ನಡದಲ್ಲಿ ಕುಡಿಯುವುದು ತಿನ್ನುವುದಲ್ಲ. ನಮ್ಮಮ್ಮನನ್ನು ಬೆಳಿಗ್ಗೆ ಏನಾದರೂ ತಿಂದೆಯಾ ಎಂದು ಕೇಳಿದರೆ, "ಏನೂ ತಿಂದಿಲ್ಲ, ಬರೀ ಕಾಫಿ ಕುಡಿದೆ," ಅನ್ನುತ್ತಾಳೆ. ಅವಳ ಲೆಕ್ಕದಲ್ಲಿ ಅದು ಪೂರ್ತಿ ಸತ್ಯ. ಆ ಸೂಚನೆಯನ್ನು ಅಕ್ಷರಶಃ ಪಾಲಿಸಿ, ಬೆಳಿಗ್ಗೆ ಒಂದು ಲೋಟ ಹಾಲು ಹಾಕಿದ ಕಾಫಿ ಕುಡಿದು ಅರಿವಳಿಕೆಗೆ ಹೋಗಿ ಮಲಗಬಲ್ಲ ಹೆಂಗಸು ನಮ್ಮಮ್ಮ. ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೋಗಬಹುದೆಂದೇ ಆ ಸೂಚನೆ ಇರುವುದು. ಇಂಗ್ಲಿಷಿನ ಆ ಪುಟ್ಟ ಪದಗುಚ್ಛದೊಳಗೆ ಕಾಫಿಯೂ ಇತ್ತು, ಹೇಳುವ ಅಗತ್ಯವಿರಲಿಲ್ಲ. ಕನ್ನಡದ ಮನೆಗೆ ಬರುವಾಗ ಅದು ಹಿಂದೆಯೇ ಉಳಿಯಿತು.

ಬೆಳಗಿನ ಜಾವ ಮೂರಕ್ಕೆ ಏಜೆನ್ಸಿಗೆ ಬರೆದೆ: "ಏನನ್ನೂ ತಿನ್ನಬಾರದು, ಕುಡಿಯಬಾರದು. ಕಾಫಿ, ಟೀ, ಹಾಲು, ನೀರು ಕೂಡ." ಕಡತ ಆಗಲೇ ಗ್ರಾಹಕರಿಗೆ ಹೋಗಿದೆ, ನಿಮ್ಮ ಟಿಪ್ಪಣಿಯನ್ನು ಮುಂದಕ್ಕೆ ಕಳಿಸುತ್ತೇವೆ ಎಂದು ಉತ್ತರ ಬಂತು. ಮತ್ತೆರಡು ಸಲ ಕೇಳಿದೆ. ಮೂರನೆಯ ಸಲ, ತಿದ್ದಿದ ಪ್ರತಿಯನ್ನು ಕಳಿಸಿಕೊಟ್ಟರು. ನಡುವಿನ ಆ ಹತ್ತು ದಿನಗಳಲ್ಲಿ ಯಾರು ಓದಿದರೋ ನನಗೆ ತಿಳಿಯುವ ದಾರಿಯಿಲ್ಲ. ಈಗ ಆ ದರಕ್ಕೆ ವೈದ್ಯಕೀಯದ ಕಡತಗಳನ್ನು ಒಪ್ಪಿಕೊಳ್ಳುವುದಿಲ್ಲ. ಆದಾಯ ಕಡಿಮೆಯಾಗಿದೆ.

ಯಂತ್ರ ಬೇಡ ಎನ್ನುತ್ತಿಲ್ಲ ನಾನು. ತಮ್ಮನ ಹೊಸ ಯಂತ್ರ ಹಳೆಯದಕ್ಕಿಂತ ನಿಜವಾಗಿಯೂ ಒಳ್ಳೆಯದು, ಮತ್ತು ಆ ತಪ್ಪಿನಲ್ಲಿ ಅದರ ತಪ್ಪೇನೂ ಇಲ್ಲ. ಅದು ಬರೆದದ್ದನ್ನು ಬರೆದ ಹಾಗೇ ಓದಿತು. ಮೂವತ್ತು ವರ್ಷದಿಂದ ಯಾರೂ ಬರೆಯದೇ ಬಿಟ್ಟಿದ್ದ ಒಂದು ಪದ ಇದೆ ಎಂದು ಅದು ಬಂದಿದ್ದರಿಂದಲೇ ಗೊತ್ತಾಯಿತು. ಹೊಸ ಯಂತ್ರ ಬಂದಾಗ ವೇಗ ಹೆಚ್ಚುತ್ತದೆ ಎಂಬುದಷ್ಟೇ ಸುದ್ದಿಯಾಗುತ್ತದೆ. ಹಳೆಯದಕ್ಕೆ ಏನೇನು ಗೊತ್ತಿತ್ತು, ಅದರಲ್ಲಿ ಎಷ್ಟನ್ನು ನಾವು ಬರೆದಿಟ್ಟಿಲ್ಲ ಎಂಬುದು ಕಾಣಿಸುವುದೂ ಆಗಲೇ. ಆದರೆ ಅದನ್ನು ನೋಡಲು ಒಬ್ಬ ಮನುಷ್ಯನನ್ನು ಕೂರಿಸಬೇಕು, ಅವನಿಗೆ ನಾಲ್ಕು ರಾತ್ರಿ ಕೊಡಬೇಕು. ಪೆಟಾಫ್ಲಾಪಿನ ಬೆಲೆಯಲ್ಲಿ ಆ ನಾಲ್ಕು ರಾತ್ರಿಯನ್ನು ಯಾರೂ ಸೇರಿಸುವುದಿಲ್ಲ, ಏಜೆನ್ಸಿಯ ಮೂರನೇ ಒಂದು ಭಾಗದ ದರದಲ್ಲೂ.

*

'ಸೇವ್' ಎಂಬ ಒಂದು ಪದ ಸೇರಿಸಿದ ಮೇಲೆ ಎರಡೂ ಯಂತ್ರದ ಉತ್ತರಗಳು ಆರು ಅಂಕಿಗಳವರೆಗೆ ಕೂಡಿಬಂದವು. ಫ್ರಾನ್ಸಿನ ಸುರಂಗದಲ್ಲಿ ಅಳೆದ ರೆಕ್ಕೆಯ ಮೇಲಿನ ಒತ್ತಡಗಳ ಪಕ್ಕದಲ್ಲೂ ಕೂತವು. ಮೂರು ವರ್ಷದ ಫಲಿತಾಂಶಗಳು ಉಳಿದವು. ತಮ್ಮ ಥೀಸಿಸ್ಸಿಗೆ ಎರಡು ಪುಟದ ಅನುಬಂಧ ಸೇರಿಸಿದ: ಯಂತ್ರ ಬದಲಾದಾಗ ಏನೇನು ಬದಲಾಯಿತು, ಯಾಕೆ. ಇದು ಬೇಕಾ ಎಂದು ಗೈಡ್ ಕೇಳಿದರಂತೆ. ಆಮೇಲೆ ಇರಲಿ ಎಂದರಂತೆ.

ಹಳೆಯ ಯಂತ್ರವನ್ನು ಆರಿಸಿದ ದಿನ ಅವನು ಆ ಕೋಣೆಗೆ ಹೋಗಿದ್ದ. ಎಂಟು ವರ್ಷ ನಿಲ್ಲದೆ ಗುಂಯ್ಗುಡುತ್ತಿದ್ದ ಫ್ಯಾನುಗಳು ನಿಂತಾಗ ಕಿವಿ ನೋವಾದ ಹಾಗಾಯಿತು ಅಂದ. ರಾತ್ರಿ ಫೋನ್ ಮಾಡಿ, "ಇದನ್ನು ಮುಟ್ಟಬೇಡಿ" ಎಂಬ ಸಾಲಿನ ಕೆಳಗೆ ತಾನು ಬರೆದದ್ದನ್ನು ಓದಿ ಹೇಳಿದ. ಅದೇ ಇಂಗ್ಲಿಷ್ ಅಕ್ಷರಗಳಲ್ಲಿ, ಕನ್ನಡದಲ್ಲಿ, ನಾಲ್ಕು ಸಾಲು: ಯಾಕೆ ಮುಟ್ಟಬಾರದಿತ್ತು, ಈಗ ಯಾಕೆ ಮುಟ್ಟಬೇಕಾಯಿತು, ಯಾವ ತಾರೀಕು.

"ಕನ್ನಡ ಸರಿ ಇದೆಯಾ?"

"ಸರಿ ಇದೆ. ಮುಂದಿನ ಯಂತ್ರ ಬಂದಾಗ ಇದನ್ನು ಓದುವವರಿಗೆ ಕನ್ನಡ ಬರದಿದ್ದರೆ?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೀಲಿಮಣೆಯ ಸದ್ದು ಕೇಳಿಸಿತು. ಅದರ ಕೆಳಗೆ ಇಂಗ್ಲಿಷಿನಲ್ಲೂ ಬರೆಯುತ್ತಿದ್ದ.